ಹೊಸಬರಿಗೆ ಹೆಚ್ಚು ಸಂಬಳ ಕೊಟ್ಟಿದ್ದೀರಿ ಅಂತ ಹಳಬರು ಬರೆದು ಕೊಟ್ಟಿದ್ದಾರೆ, ಉತ್ತರ ಹೇಗೆ ಕೊಡೋದು?

ಪೀಣ್ಯ ಎಚ್‌ಆರ್:
ನಮ್ಮದು ಪೀಣ್ಯದಲ್ಲಿ 140 ಜನರಿರುವ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ) ಕಾರ್ಖಾನೆ, ಮೂರು ಶಿಫ್ಟ್. ಕಳೆದ ತಿಂಗಳು ಒಬ್ಬ ವಿಎಂಸಿ (ಲೋಹ ಕೊರೆಯೋ ಸಿಎನ್‌ಸಿ ಯಂತ್ರ) ಸೆಟ್ಟರ್‌ನ ವರ್ಷಕ್ಕೆ 4.8 ಲಕ್ಷ ಸಿಟಿಸಿಗೆ (ಕಂಪನಿಗೆ ಬೀಳೋ ಒಟ್ಟು ಖರ್ಚು) ತಗೊಂಡ್ವಿ. ಅದೇ ಸೆಕ್ಷನ್‌ನಲ್ಲಿ ಆರು ವರ್ಷದಿಂದ ಇರೋ ಸೆಟ್ಟರ್‌ಗಳು ತಿಂಗಳಿಗೆ 32,000 ಗ್ರಾಸ್‌ನಲ್ಲಿದ್ದಾರೆ (ಕಡಿತಕ್ಕೆ ಮುಂಚಿನ ಸಂಬಳ). ಸುದ್ದಿ ಹರಡಿ, ನಾಲ್ಕು ಜನ ಬರೆದು ಕೊಟ್ಟಿದ್ದಾರೆ. ಇತ್ತ ಹೊಸಬರದೂ ತಕರಾರು: "40,000 ಅಂದ್ರಿ, ಕೈಗೆ 32,588 ಬಂತು." ಸಂಬಳದ ಬಗ್ಗೆ ಯಾರೂ ಮಾತಾಡಬಾರದು ಅಂತ ಸರ್ಕ್ಯುಲರ್ ಹಾಕಿ ಅಂತಾರೆ ಮ್ಯಾನೇಜರ್. ಇಂಕ್ರಿಮೆಂಟ್ ಏಪ್ರಿಲ್‌ಗೆ. ಅಲ್ಲಿವರೆಗೆ ಏನು ಮಾಡಬಹುದು, ಯಾವ ಲೆಕ್ಕ ತೋರಿಸಬೇಕು?

ಪೇರೋಲ್ ಪುಸ್ತಕ:
ಮೊದಲು ಹೊಸಬರ ಲೆಕ್ಕ ಬಿಡಿಸಿ, ಹಳಬರ ಪ್ರಶ್ನೆಗೂ ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ನೀವು ಹೇಳಿದ ಮೊತ್ತಕ್ಕೆ ಹೊಂದೋ ರಚನೆ ಹೀಗಿರಬೇಕು. ತಿಂಗಳಿಗೆ 40,000. ಬೇಸಿಕ್ (ಮೂಲ ವೇತನ) 20,000. ಕಂಪನಿ ಪಾಲಿನ ಪಿಎಫ್ 15,000 ಮಿತಿಯ ಮೇಲೆ ಶೇ 12, ಅಂದರೆ 1,800. ಪಿಎಫ್ ಆಡಳಿತ ಶುಲ್ಕ ಮತ್ತು ಇಡಿಎಲ್‌ಐ (ಪಿಎಫ್ ಜೊತೆಗಿನ ಜೀವವಿಮೆ) ಸೇರಿ 150. ಗ್ರ್ಯಾಚುಟಿಗೆ (ಕೆಲಸ ಬಿಡುವಾಗ ಸಿಗೋ ಮೊತ್ತ) ಎತ್ತಿಡೋದು ಬೇಸಿಕ್‌ನ ಶೇ 4.81, ಅಂದರೆ 962. ಗುಂಪು ವಿಮೆ 500. ವರ್ಷಕ್ಕೊಮ್ಮೆ ಕೊಡೋ 24,000 ಬೋನಸ್ ತಿಂಗಳಿಗೆ 2,000. ಇಷ್ಟು ಕಳೆದರೆ ಗ್ರಾಸ್ 34,588. ಅದರಲ್ಲಿ ಅವರ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಹೋಗಿ ಕೈಗೆ 32,588. ಫೆಬ್ರವರಿಯಲ್ಲಿ ವೃತ್ತಿ ತೆರಿಗೆ 300 ಇರುತ್ತೆ. ಆ ನೂರು ರೂಪಾಯಿಗೂ ಪ್ರಶ್ನೆ ಬರುತ್ತೆ, ಮೊದಲೇ ಹೇಳಿಬಿಡಿ.

ಈಗ ನೋಡಿ, ಫ್ಲೋರ್‌ನಲ್ಲಿ ಹೋಲಿಕೆ ಆಗ್ತಿರೋದು ಒಬ್ಬರ ಸಿಟಿಸಿಗೂ ಇನ್ನೊಬ್ಬರ ಗ್ರಾಸ್‌ಗೂ. 8,000 ಅಂತ ಓಡಾಡ್ತಿರೋ ವ್ಯತ್ಯಾಸ ಗ್ರಾಸ್‌ಗೆ ಗ್ರಾಸ್ ಇಟ್ಟರೆ 2,588. ಹಳಬರಿಗೂ ಅದೇ ಬೋನಸ್, ಅದೇ ವಿಮೆ ಇದೆಯಾ ಅಂತ ಖಾತ್ರಿ ಮಾಡಿಕೊಂಡೇ ಈ ಮಾತು ಹೇಳಿ.

ಮುಂದಿನ ಆಫರ್ ಲೆಟರ್‌ಗೆ ಮೊದಲ ತಿಂಗಳ ಸ್ಲಿಪ್‌ನ ನಮೂನೆ ಲಗತ್ತಿಸಿ. ಗ್ರ್ಯಾಚುಟಿ ಸಾಮಾನ್ಯವಾಗಿ ಐದು ವರ್ಷ ತುಂಬಿದ ಮೇಲೆ ಸಿಗೋದು. ಅದನ್ನ ಸಂಬಳದ ಜೊತೆ ಒಂದೇ ಮೊತ್ತದಲ್ಲಿ ಸೇರಿಸಿ ಬಾಯಲ್ಲಿ ಹೇಳಿದರೆ ಜನಕ್ಕೆ ಮೋಸ ಅನ್ನಿಸೋದು ಸಹಜ.

ಗ್ರೇಡ್ ಮತ್ತು ಬ್ಯಾಂಡ್:
ಮೇಲಿನ ಲೆಕ್ಕ ಸರಿ. ಆದರೆ 2,588 ಕೂಡ ವ್ಯತ್ಯಾಸವೇ. "ಇದು ಮಾರ್ಕೆಟ್ ರೇಟ್" ಅಂತ ಹೇಳಿ ಕಳಿಸಬೇಡಿ. ಆರು ವರ್ಷ ದುಡಿದವರಿಗೆ ಅದು ಕೇಳಿಸೋದು "ಬಿಟ್ಟು ಹೋದ್ರೆ ನಿಮಗೂ ಸಿಗುತ್ತೆ" ಅಂತ, ಅವರು ಹೋಗೇ ಹೋಗ್ತಾರೆ.

ಒಂದು ಶೀಟ್ ಮಾಡಿ. ಕೆಲಸದ ಮಟ್ಟ, ಅನುಭವ, ಕಳೆದ ಎರಡು ವರ್ಷದ ರೇಟಿಂಗ್, ಗ್ರಾಸ್. ಓಟಿ, ಶಿಫ್ಟ್ ಭತ್ಯೆ, ಹಾಜರಾತಿ ಬೋನಸ್ ಬೇರೆ ಕಾಲಂನಲ್ಲಿರಲಿ. ಇವನ್ನ ಗ್ರಾಸ್‌ಗೆ ಸೇರಿಸಿದರೆ ನೈಟ್ ಶಿಫ್ಟ್ ಜಾಸ್ತಿ ಮಾಡಿದವರು ಚೆನ್ನಾಗಿ ಸಂಬಳ ತಗೊಳ್ಳೋರ ಹಾಗೆ ಕಾಣ್ತಾರೆ. ಹುದ್ದೆಯ ಹೆಸರನ್ನೂ ನಂಬಬೇಡಿ. ಬರೀ ಜಾಬ್ ಲೋಡ್ ಮಾಡಿ ಆಫ್‌ಸೆಟ್ (ಟೂಲ್ ಅಳತೆ) ತಿದ್ದೋರು ಬೇರೆ, ಡ್ರಾಯಿಂಗ್ ನೋಡಿ ಪ್ರೋಗ್ರಾಂ ಬರೆದು ಮೊದಲ ಪೀಸ್ ಪಾಸ್ ಮಾಡಿಸೋರು ಬೇರೆ. ಎಷ್ಟೋ ಕಡೆ ಇಬ್ಬರಿಗೂ "ಸೆಟ್ಟರ್" ಅಂತಲೇ ಹೆಸರು. ಹೊಸಬರು ಎರಡನೇ ಥರದವರಾದರೆ ವ್ಯತ್ಯಾಸಕ್ಕೆ ನ್ಯಾಯವಾದ ಕಾರಣ ಇದೆ, ಅದನ್ನ ಕೆಲಸದ ಭಾಷೆಯಲ್ಲೇ ಹೇಳಬಹುದು.

ಆಮೇಲೆ ಪ್ರತಿ ಮಟ್ಟಕ್ಕೂ ಒಂದು ನಡುವಿನ ಸಂಬಳ ಗುರುತಿಸಿ. ಸೆಟ್ಟರ್‌ಗೆ 36,000 ಅಂತಿಟ್ಟುಕೊಂಡರೆ ಹೊಸಬರು ಶೇ 96ರಲ್ಲಿ, ಹಳಬರು ಶೇ 89ರಲ್ಲಿ ನಿಲ್ತಾರೆ. ಒಳ್ಳೆ ರೇಟಿಂಗ್ ಇದ್ದೂ ಶೇ 90ಕ್ಕಿಂತ ಕೆಳಗಿರೋರಿಗೆ ಮೊದಲು ಸರಿಪಡಿಸಿ, ದೂರು ಕೊಡದೆ ಸುಮ್ಮನಿದ್ದವರನ್ನೂ ಸೇರಿಸಿ. ಬರೆದು ಕೊಟ್ಟ ನಾಲ್ವರಿಗೆ ಮಾತ್ರ ಏರಿಸಿದರೆ ಮುಂದಿನ ತಿಂಗಳು ನಲವತ್ತು ಅರ್ಜಿ ಬರುತ್ತೆ.

ಈ ತಿದ್ದುಪಡಿಯನ್ನ ಏಪ್ರಿಲ್ ಇಂಕ್ರಿಮೆಂಟ್ ಜೊತೆ ಬೆರೆಸಬೇಡಿ, ಪತ್ರವೂ ಬೇರೆ ಇರಲಿ. ಬೆರೆಸಿದರೆ ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಸಿಕ್ಕಿದ್ದೆಷ್ಟು, ಹಳೇ ಕೊರತೆ ತುಂಬಿದ್ದೆಷ್ಟು ಅಂತ ಗೊತ್ತಾಗಲ್ಲ. ಮಾಲೀಕರ ಮುಂದೆ ಪೂರ್ತಿ ಖರ್ಚು ಇಡಿ. ಗ್ರಾಸ್ 2,000 ಏರಿ ಅದರಲ್ಲಿ ಬೇಸಿಕ್ 1,000 ಏರಿದರೆ, ಹಿಂದಿನ ಆರು ವರ್ಷದ ಗ್ರ್ಯಾಚುಟಿ ಹೊಣೆಯೂ ಏರುತ್ತೆ: 1,000 × 15 ÷ 26 × 6 = 3,462. ಗ್ರ್ಯಾಚುಟಿ ಕೊನೆಯ ಸಂಬಳದ ಮೇಲೆ, ತಿಂಗಳಿಗೆ 26 ದಿನ ಅಂತಿಟ್ಟು ವರ್ಷಕ್ಕೆ 15 ದಿನದ ಹಾಗೆ ಲೆಕ್ಕ ಆಗೋದು, ಅದಕ್ಕೆ. ದುಪ್ಪಟ್ಟು ಓಟಿ ದರವೂ ಏರುತ್ತೆ. ಇದನ್ನ ಬಿಟ್ಟು ಬಜೆಟ್ ಕೇಳಿದರೆ ಮಧ್ಯದಲ್ಲಿ ಹಣ ಸಾಲದೆ ಅರ್ಧ ಜನಕ್ಕೆ ನಿಂತುಹೋಗುತ್ತೆ.

ಕಾರ್ಮಿಕ ಕಾನೂನು:
ಸರ್ಕ್ಯುಲರ್ ಬೇಡವೇ ಬೇಡ ಮೇಡಂ. ಮಾತು ನಿಲ್ಲಲ್ಲ, ಕಂಪನಿ ಏನೋ ಮುಚ್ಚಿಡ್ತಿದೆ ಅಂತ ಲಿಖಿತ ಪುರಾವೆ ಕೊಟ್ಟ ಹಾಗಾಗುತ್ತೆ.

20 ಅಥವಾ ಹೆಚ್ಚು ಕಾರ್ಮಿಕರಿರೋ ಕಡೆ ಕುಂದುಕೊರತೆ ಸಮಿತಿ ಕಡ್ಡಾಯ. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಎರಡೂ ಕಡೆಯಿಂದ ಸಮ ಸಂಖ್ಯೆಯ ಸದಸ್ಯರು, ಒಟ್ಟು ಹತ್ತು ಮೀರಬಾರದು, ಅರ್ಜಿ 30 ದಿನದಲ್ಲಿ ಮುಗಿಸಬೇಕು. ನಾಲ್ಕು ಅರ್ಜಿಗೂ ಇವತ್ತೇ ದಿನಾಂಕ ಹಾಕಿ ಸ್ವೀಕೃತಿ ಕೊಡಿ. ಏಪ್ರಿಲ್‌ವರೆಗೆ ಸುಮ್ಮನಿರೋ ಅವಕಾಶ ನಿಮಗಿಲ್ಲ.

ಶೀಟ್‌ನಲ್ಲಿ ಗಂಡು-ಹೆಣ್ಣು ಕಾಲಂ ಸೇರಿಸಿ. ಇನ್ಸ್‌ಪೆಕ್ಷನ್, ಡಿಬರಿಂಗ್ (ಪೀಸ್‌ನ ಅಂಚು ನಯ ಮಾಡೋ) ವಿಭಾಗಗಳನ್ನ ವಿಶೇಷವಾಗಿ ನೋಡಿ. ಒಂದೇ ರೀತಿಯ ಕೆಲಸಕ್ಕೆ ಹೆಂಗಸರಿಗೆ ಕಡಿಮೆ ಇದ್ದರೆ ಅದು ಕಾನೂನು ಉಲ್ಲಂಘನೆ, ಗಂಡಸರ ಸಂಬಳ ಇಳಿಸಿ ಸಮ ಮಾಡೋ ಹಾಗೂ ಇಲ್ಲ. ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ ಅರ್ಧಕ್ಕಿಂತ ಕಡಿಮೆ ಇಟ್ಟು ಉಳಿದದ್ದೆಲ್ಲ ಭತ್ಯೆ ಅಂತ ತೋರಿಸಿದ್ದರೆ ಅದನ್ನೂ ಈಗಲೇ ಸರಿಮಾಡಿ. ಶೇ 50 ಮೀರಿದ ಭತ್ಯೆ ವೇತನಕ್ಕೇ ಸೇರುತ್ತೆ.

ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿ, ಮಷಿನ್ ಪಕ್ಕ ನಿಂತು ಬೇಡ. ಅವರ ಸ್ಲಿಪ್, ಅವರ ಬ್ಯಾಂಡ್ (ಆ ಮಟ್ಟದ ಸಂಬಳದ ವ್ಯಾಪ್ತಿ) ತೋರಿಸಿ. ಬೇರೆಯವರ ಸಂಬಳ ನೀವು ಬಾಯಿಬಿಡಬೇಡಿ. ಉತ್ತರ ಬರಹದಲ್ಲಿ ಹೋಗಲಿ: ಏನು ಪರಿಶೀಲಿಸಿದ್ವಿ, ಏನು ಕಂಡಿತು, ಯಾವ ತಾರೀಖಿನಿಂದ ಏನು ಬದಲಾಗುತ್ತೆ. ಏರಿಕೆ ಇಲ್ಲದಿದ್ದರೆ ಯಾವ ಕೆಲಸ ಕಲಿತರೆ ಮುಂದಿನ ಮಟ್ಟ ಅಂತ ಬರೆಯಿರಿ. "ನೋಡೋಣ, ಏಪ್ರಿಲ್‌ನಲ್ಲಿ ಮಾಡ್ತೀವಿ" ಅಂತ ಸೂಪರ್‌ವೈಸರ್ ಬಾಯಲ್ಲಿ ಹೇಳೋದನ್ನ ಮೊದಲು ನಿಲ್ಲಿಸಿ.

ಪೀಣ್ಯ ಎಚ್‌ಆರ್:
ಎಲ್ಲರಿಗೂ ಧನ್ಯವಾದ. ಇನ್ನೊಂದು ಕೇಳಬೇಕಿತ್ತು. ಕೊರತೆಯಲ್ಲಿರೋ ಒಬ್ಬ ಆಪರೇಟರ್‌ನ ಇಎಸ್‌ಐ (ಸರ್ಕಾರಿ ಕಾರ್ಮಿಕ ವಿಮೆ) ವೇತನ 20,400. 22,000 ಮಾಡಿದರೆ ಇಎಸ್‌ಐ ಹೋಗುತ್ತಲ್ಲ?

ಪೇರೋಲ್ ಪುಸ್ತಕ:
ಹೌದು, ಮಿತಿ 21,000. ಆದರೆ ತಕ್ಷಣ ಹೋಗಲ್ಲ. ವಂತಿಗೆ ಅವಧಿ ಏಪ್ರಿಲ್–ಸೆಪ್ಟೆಂಬರ್ ಮತ್ತು ಅಕ್ಟೋಬರ್–ಮಾರ್ಚ್. ಮಧ್ಯದಲ್ಲಿ ದಾಟಿದರೆ ಆ ಅವಧಿ ಮುಗಿಯೋವರೆಗೆ ಹೊಸ ಸಂಬಳದ ಮೇಲೆ ಕಟ್ಟಲೇಬೇಕು. ಫೆಬ್ರವರಿಯಲ್ಲಿ ಏರಿಸಿದರೆ ಮಾರ್ಚ್‌ವರೆಗೆ ಕಟ್ಟಿ, ಅದಕ್ಕೆ ಸೌಲಭ್ಯದ ಅವಧಿ ಜುಲೈ–ಡಿಸೆಂಬರ್. ಏಪ್ರಿಲ್ 1ಕ್ಕೆ ಏರಿಸಿದರೂ ಅಷ್ಟೇ. ಮೇ ತಿಂಗಳಿಂದ ಏರಿಸಿದರೆ ಸೆಪ್ಟೆಂಬರ್‌ವರೆಗೆ ಕಟ್ಟಬೇಕು, ಸೌಲಭ್ಯ ಮುಂದಿನ ಜೂನ್‌ವರೆಗೆ ಬರುತ್ತೆ. ಮನೆಯಲ್ಲಿ ಚಿಕಿತ್ಸೆ ನಡೀತಿದ್ದರೆ ಅವರನ್ನೇ ಕೇಳಿ ತಿಂಗಳು ಗೊತ್ತುಮಾಡಿ.

ಇಎಸ್‌ಐಯಲ್ಲಿ ಅವಲಂಬಿತ ತಂದೆತಾಯಿಗೂ ಚಿಕಿತ್ಸೆ ಇದೆ. ಕಂಪನಿಯ ಗುಂಪು ವಿಮೆ ಹೆಂಡತಿ ಮಕ್ಕಳಿಗಷ್ಟೇ ಇದ್ದರೆ, ತಂದೆತಾಯಿಗೆ ಪಾಲಿಸಿ ಮಾಡಿಸೋದರಲ್ಲೇ ಈ 1,600 ಏರಿಕೆ ಕರಗಿಹೋಗಬಹುದು. ಅವರು ಹೊರಬಂದಾಗ ಕಂಪನಿಗೆ ಶೇ 3.25 ಉಳಿಯುತ್ತೆ: 20,400ರ ಮೇಲೆ ತಿಂಗಳಿಗೆ 663, ವರ್ಷಕ್ಕೆ 7,956. ಆ ಹಣವನ್ನ ಅವರ ತಂದೆತಾಯಿಯನ್ನ ವಿಮೆಗೆ ಸೇರಿಸೋಕೆ ಹಾಕಿ ಅಂತ ಮಾಲೀಕರ ಹತ್ತಿರ ಕೇಳಿ. ವಿಮೆಯವರಿಂದ ಪ್ರೀಮಿಯಂ ಎಷ್ಟು ಅಂತ ಬರೆಸಿಕೊಂಡ ಮೇಲೆಯೇ ಏರಿಕೆಯ ಪತ್ರ ಕೊಡಿ.