ಅಪ್‌ಡೇಟ್: ಅಜ್ಜಿಯ ಬೆಲ್ ಏರ್ ಕೊನೆಗೂ ಮಾರಾಟವಾಯಿತು

ಇಲ್ಲಿ ಒಹಾಯೊದಲ್ಲಿ ಪಕ್ಕದ ಮನೆ ಅಜ್ಜಿಯ 1955ರ ಷೆವ್ರೊಲೆ ಬೆಲ್ ಏರ್ ಸೆಡಾನ್‌ಗೆ ಎಷ್ಟು ಬೆಲೆ ಹೇಳಬಹುದು ಅಂತ ಕೇಳಿದ್ದೆ, ನೆನಪಿದೆಯಾ? ಮೊನ್ನೆ ಮಾರಿದೆವು.

ನೀವು ಹೇಳಿದ್ದೇ ನಿಜ. ಎರಡು ಬಾಗಿಲಿನ, ಪಕ್ಕದ ಕಿಟಕಿಗಳ ನಡುವೆ ಕಂಬವಿಲ್ಲದ ಹಾರ್ಡ್‌ಟಾಪ್‌ಗೆ ಬರುವ ಬೆಲೆ ನಮ್ಮದರಂಥ ನಾಲ್ಕು ಬಾಗಿಲಿನದಕ್ಕೆ ಬರುವುದಿಲ್ಲ. ಸುಮ್ನೆ ಜಾಸ್ತಿ ಹೇಳಿ ಮೂರು ವಾರ ಹಾಳು ಮಾಡಿದೆ.

ಕೊಂಡವರು ಪಳಗಿದ ಕೈ. ಮೊದಲು ನೋಡಿದ್ದು ಬಣ್ಣವನ್ನಲ್ಲ, ಡ್ರೈವರ್ ಬಾಗಿಲ ಕಂಬದ ಮೇಲಿನ ಪುಟ್ಟ ತಗಡನ್ನು. ಅದರ ನಂಬರ್ ‘ವಿಸಿ55’ ಅಂತ ಶುರುವಾದರೆ ಕಾರ್ಖಾನೆಯಿಂದಲೇ ವಿ8, ಅಂದರೆ ಎಂಟು ಸಿಲಿಂಡರ್ ಎಂಜಿನ್. ಬರೀ ‘ಸಿ55’ ಇದ್ದರೆ ಆರು ಸಿಲಿಂಡರ್. ನಮ್ಮದರಲ್ಲಿ ‘ವಿ’ ಇತ್ತು, ಬಚಾವ್! ಆಮೇಲೆ ಟಾರ್ಚ್ ಹಿಡಿದು ಕಾರಿನಡಿ ಮಲಗಿ ತುಕ್ಕು ಹುಡುಕಿದರು. ಅಜ್ಜ ಕೂಡಿಟ್ಟಿದ್ದ ರಿಪೇರಿ ರಸೀದಿಗಳ ಬಿಸ್ಕತ್ ಡಬ್ಬಿ ತೆರೆದ ಮೇಲೆ ಚೌಕಾಸಿ ನಿಂತಿತು.

ಡಬ್ಬಿ ಮಾತ್ರ ಅಜ್ಜಿ ಕೊಡಲಿಲ್ಲ.