ಮೊದಲ ಸ್ವಂತ ಮನೆ, ಹಳೇ ಬಾತ್‌ರೂಮ್: ಯಾವ ಕೆಲಸ ನಾವೇ ಮಾಡಿಕೊಳ್ಳಬಹುದು?

ಪ್ರಶ್ನೆ, ಮೈಸೂರಿನಿಂದ

ನಮಸ್ಕಾರ ಸರ್. ಆರು ತಿಂಗಳ ಹಿಂದೆ ಕುವೆಂಪುನಗರದ ಕಡೆ ಒಂದು ಹಳೇ ಮನೆ ಕೊಂಡೆವು. ಕಟ್ಟಿ ಮೂವತ್ತು ವರ್ಷದ ಮೇಲಾಗಿದೆ. ನಮಗೆ ಇದೇ ಮೊದಲ ಸ್ವಂತ ಮನೆ. ಒಳಗಿನ ಬಾತ್‌ರೂಮ್ 5 ಅಡಿ ಅಗಲ, 7 ಅಡಿ ಉದ್ದ. ಅದರ ಆಚೆ ಬದಿಯ ರೂಮಿನ ಗೋಡೆ ಮೊಣಕಾಲೆತ್ತರದವರೆಗೆ ತೇವ. ಬಣ್ಣ ಹಪ್ಪಳದ ಹಾಗೆ ಎದ್ದು ಉದುರುತ್ತಿದೆ. ಅಮ್ಮನಿಗೆ ಮಂಡಿನೋವು, ಹಾಗಾಗಿ ಇಂಡಿಯನ್ ತೆಗೆದು ವೆಸ್ಟರ್ನ್ ಕಮೋಡ್ ಹಾಕಿಸಬೇಕು. ಬಂದು ನೋಡಿದ ಒಬ್ಬರು, ಹಳೇ ಟೈಲ್ಸ್ ಮೇಲೇ ಹೊಸದು ಅಂಟಿಸಿ ನಾಲ್ಕು ದಿನಕ್ಕೆ ಮುಗಿಸಿಕೊಡುತ್ತೇನೆ ಎಂದರು. ಸಾಲದ ಕಂತು ಕಟ್ಟಿ ಕೈಯಲ್ಲಿ ಜಾಸ್ತಿ ಉಳಿಯುವುದಿಲ್ಲ. ನಾನು, ತಮ್ಮ ಸೇರಿ ಶನಿವಾರ ಭಾನುವಾರ ನಾವೇ ಮಾಡಿಕೊಳ್ಳೋಣ ಎಂದಿದ್ದೇವೆ. ಯಾವುದು ನಮ್ಮ ಕೈಲಾಗುತ್ತದೆ, ಯಾವುದು ಆಗುವುದಿಲ್ಲ?

ಉತ್ತರ

ನಾನು 22 ವರ್ಷದಿಂದ ಪ್ಲಂಬಿಂಗ್, ಟೈಲ್ಸ್ ಕೆಲಸದಲ್ಲಿದ್ದೇನೆ. ನೀವು ಅರ್ಧಕ್ಕಿಂತ ಹೆಚ್ಚು ಕೆಲಸ ಖಂಡಿತ ಮಾಡಬಹುದು. ಆದರೆ ಸುತ್ತಿಗೆ ಹಿಡಿಯುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯಬೇಕು. ಅದು ಗೊತ್ತಾಗದೆ ಟೈಲ್ಸ್ ಬದಲಾಯಿಸಿದರೆ ದುಡ್ಡು ಸುಮ್ನೆ ಹೋಗುತ್ತದೆ.

ಮೊದಲು ನೀರಿನ ಪೈಪ್. ರಾತ್ರಿ ಎಲ್ಲರ ಕೆಲಸ ಮುಗಿದ ಮೇಲೆ ಟ್ಯಾಂಕಿಗೆ ಬರುವ ನೀರು ನಿಲ್ಲಿಸಿ. ಮನೆಯ ಎಲ್ಲಾ ನಲ್ಲಿ, ಫ್ಲಶ್ ಟ್ಯಾಂಕ್ ಇದ್ದರೆ ಅದರ ಆಂಗಲ್ ಕಾಕ್ (ಗೋಡೆಯಲ್ಲಿರುವ ಚಿಕ್ಕ ನಲ್ಲಿ) ಮುಚ್ಚಿ. ಒಣಗಿದ ಕೋಲನ್ನು ಓವರ್‌ಹೆಡ್ ಟ್ಯಾಂಕಿನ ತಳಕ್ಕೆ ಊರಿ, ಒದ್ದೆಯಾದ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ಮತ್ತೆ ಊರಿ ನೋಡಿ. ಮಾಮೂಲಿ 1000 ಲೀಟರ್ ದುಂಡು ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಇಳಿದಿದ್ದರೆ ಸುಮಾರು 10 ಲೀಟರ್ ಎಲ್ಲೋ ಸೋರಿದೆ ಎಂದರ್ಥ. ಮೂವತ್ತು ವರ್ಷದ ಮನೆಯಲ್ಲಿ ಗೋಡೆಯೊಳಗೆ ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್ ಇರುವುದೇ ಹೆಚ್ಚು. ಅದು ಒಳಗೇ ತುಕ್ಕು ಹಿಡಿದಿರುತ್ತದೆ.

ಮಟ್ಟ ಇಳಿಯದಿದ್ದರೆ ಒಂದು ವಾರ ಆ ಬಾತ್‌ರೂಮಿನಲ್ಲಿ ಸ್ನಾನ ನಿಲ್ಲಿಸಿ. ಗೋಡೆ ಒಣಗತೊಡಗಿದರೆ ತೊಂದರೆ ನೆಲದ್ದು ಅಥವಾ ನಹನಿ ಟ್ರಾಪಿನದು, ಅಂದರೆ ನೆಲದ ನೀರು ಹೊರಹೋಗುವ ಬಾಯಿಯದು. ಬಾತ್‌ರೂಮಿಗೆ ತಾಗದ ಗೋಡೆಗಳಲ್ಲೂ ಇದೇ ತೇವ ಇದೆಯಾ, ಅದನ್ನೂ ನೋಡಿ. ಇದ್ದರೆ ಅದು ಅಡಿಪಾಯದಿಂದ ಏರುವ ತೇವ, ಬೇರೆ ಕಾಯಿಲೆ. ಬಾತ್‌ರೂಮ್ ಒಡೆದರೆ ಅದು ಗುಣವಾಗುವುದಿಲ್ಲ.

ಮರುಪ್ರಶ್ನೆ, ಮೈಸೂರಿನಿಂದ

ಕೋಲಿನ ಪರೀಕ್ಷೆ ಮಾಡಿದೆವು. ಮಟ್ಟ ಇಳಿದಿಲ್ಲ. ಹತ್ತು ದಿನ ಹೊರಗಿನ ಬಚ್ಚಲಿನಲ್ಲೇ ಸ್ನಾನ ಮಾಡಿದೆವು. ಗೋಡೆ ಮೇಲಿನಿಂದ ಒಣಗುತ್ತಾ ಬಂತು. ಹಾಗಾದರೆ ನೆಲವೇ ಅಲ್ವಾ? ಈಗ ಒಡೆಯಬಹುದೇ?

ಉತ್ತರ

ಹೌದು, ನೆಲ. ಇನ್ನು ಟೈಲ್ಸ್ ಮೇಲೆ ಟೈಲ್ಸ್ ಮಾತು ಬಿಟ್ಟುಬಿಡಿ. ಸೋರುವ ನೆಲವನ್ನು ಮುಚ್ಚಿದರೆ ಸೋರಿಕೆ ನಿಲ್ಲುವುದಿಲ್ಲ, ಕಣ್ಣಿಗೆ ಕಾಣದ ಹಾಗಾಗುತ್ತದೆ ಅಷ್ಟೇ. ಮೇಲಾಗಿ ನೆಲ ಎತ್ತರವಾಗಿ ನೀರು ಬಾಗಿಲು ದಾಟುತ್ತದೆ.

ಒಡೆಯುವುದು ನಿಮ್ಮ ಕೆಲಸವೇ. ಬಾತ್‌ರೂಮಿನ ಕರೆಂಟ್ ಲೈನಿನ ಎಂಸಿಬಿ (ಬೋರ್ಡಿನ ಸ್ವಿಚ್) ಇಳಿಸಿ, ನೀರಿನ ಗೇಟ್ ವಾಲ್ವ್ ಮುಚ್ಚಿ. ನಹನಿ ಟ್ರಾಪಿನ ಬಾಯಿಗೂ ಕಮೋಡಿನ ಗುಂಡಿಗೂ ಗೋಣಿಚೀಲ ಬಿಗಿಯಾಗಿ ತುರುಕಿ. ಇದನ್ನು ಮರೆತವರ ಮನೆಯಲ್ಲಿ ಟೈಲ್ಸ್ ಚೂರು ಒಳಗೆ ಬಿದ್ದು, ಆಮೇಲೆ ಅಂಗಳದ ಚೇಂಬರ್‌ವರೆಗೂ ಪೈಪ್ ಅಗೆಯಬೇಕಾಗಿದ್ದನ್ನು ನೋಡಿದ್ದೇನೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್, ಕೈಗೆ ದಪ್ಪ ಗ್ಲೌಸ್ ಬೇಕೇ ಬೇಕು. ನಾಲ್ಕೂವರೆ ಇಂಚಿನ ಗೋಡೆಗೆ ಬ್ರೇಕರ್ ಮೆಷಿನ್ ತಾಗಿಸಬೇಡಿ, ಪೂರ್ತಿ ಅಲ್ಲಾಡುತ್ತದೆ. ಉಳಿ ಸುತ್ತಿಗೆಯಲ್ಲೇ, ಮೇಲಿನಿಂದ ಕೆಳಕ್ಕೆ ಬನ್ನಿ.

ಪೈಪ್ ಲೈನ್, ಕಮೋಡಿನ ಲೈನ್, ಕರೆಂಟ್, ನೆಲದ ಟೈಲ್ಸ್ ಈ ನಾಲ್ಕನ್ನು ಕೆಲಸ ಗೊತ್ತಿದ್ದವರಿಗೇ ಕೊಡಿ. ನೆಲದ ಟೈಲ್ಸ್ ಏಕೆಂದರೆ ವಾಟ, ಅಂದರೆ ನೀರು ಹರಿಯಲು ಬಿಡುವ ಇಳಿಜಾರು. 7 ಅಡಿ ಉದ್ದಕ್ಕೆ ಸುಮಾರು ಒಂದು ಇಂಚು ಟ್ರಾಪಿನ ಕಡೆ ಇಳಿಯಬೇಕು. ರಸಮಟ್ಟ ಹಿಡಿದು ಕೈ ಪಳಗಿದವರಿಗೆ ಅದು ಸಲೀಸು. ಹೊಸಬರಿಗೆ ಒಂದು ಮೂಲೆಯಲ್ಲಿ ನೀರು ನಿಂತೇ ನಿಲ್ಲುತ್ತದೆ. ಅಮ್ಮ ಕಾಲಿಡುವ ಜಾಗ ಅದು. ಆ ಮೂಲೆಯಲ್ಲಿ ಪಾಚಿ ಕಟ್ಟಿದರೆ ಜಾರಿ ಬೀಳುತ್ತಾರೆ.

ಗೋಡೆ ಟೈಲ್ಸ್, ಗ್ರೌಟ್ (ಟೈಲ್ಸ್ ಸಂದು ತುಂಬುವುದು), ವಾಟರ್‌ಪ್ರೂಫ್ ಕೋಟಿಂಗ್, ಸಿಲಿಕಾನ್, ಕನ್ನಡಿ, ರಾಡ್ ಎಲ್ಲಾ ನೀವೇ ಮಾಡಿ.

ಕಮೋಡ್ ಕೊಳ್ಳುವ ಮುಂಚೆ ಅಳತೆ ನೋಡಿ. ಎಸ್ ಟ್ರಾಪ್ ಆದರೆ ಕೊಳವೆ ನೆಲಕ್ಕೆ ಇಳಿಯುತ್ತದೆ, ಪಿ ಟ್ರಾಪ್ ಆದರೆ ಹಿಂದಿನ ಗೋಡೆಗೆ ಹೋಗುತ್ತದೆ. ನಿಮ್ಮದು ನೆಲದ ಲೈನ್, ಎಸ್ ಟ್ರಾಪ್ ಸರಿಹೋಗುತ್ತದೆ. ಅಂಗಡಿಯವರು 9 ಇಂಚಿನದು ಎಂದರೆ ಗೋಡೆಯಿಂದ ರಂಧ್ರದ ನಡುವಿಗೆ 9 ಇಂಚು. ಯಾವ ಗೋಡೆ? ಟೈಲ್ಸ್ ಹಾಕಿ ಮುಗಿದ ಗೋಡೆ. ಬರೀ ಇಟ್ಟಿಗೆಯಿಂದ ಅಳೆದು ಪೈಪ್ ಕೂರಿಸಿದರೆ, ಗಾರೆ ಮತ್ತು ಟೈಲ್ಸ್ ಸೇರಿ ಒಂದು ಇಂಚು ತಿಂದುಬಿಡುತ್ತವೆ. ಆಗ ಕಮೋಡ್ ಕೂರುವುದಿಲ್ಲ. ಅಮ್ಮನಿಗೆ ಸ್ವಲ್ಪ ಎತ್ತರದ್ದೇ ನೋಡಿ, ಕೂರುವ ಮಟ್ಟ 17 ಇಂಚಿನ ಹತ್ತಿರ ಇರಲಿ. ಹಿಡಿದು ಏಳುವ ರಾಡ್ ಎಲ್ಲಿ ಬರಬೇಕೆಂದು ಈಗಲೇ ಗುರುತು ಹಾಕಿ, ಪ್ಲಂಬರ್ ಆ ಜಾಗದಲ್ಲಿ ಪೈಪ್ ಎಳೆಯದಿರಲಿ. ಬಾಗಿಲ ಚಿಲಕ ಹೊರಗಿನಿಂದಲೂ ತೆಗೆಯಲು ಬರುವಂಥದ್ದು ಹಾಕಿಸಿ.

ಹೊಸ ಪೈಪಿಗೆ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಸಾಕು, ಬಿಸಿನೀರಿಗೂ ಆಗುತ್ತದೆ. ಗೀಸರಿಗೆ ಮಾತ್ರ ಅದನ್ನು ನೇರವಾಗಿ ಜೋಡಿಸಬಾರದು. ನಡುವೆ ಲೋಹದ ಕನೆಕ್ಷನ್ ಪೈಪ್ ಇರಲಿ. ಗೋಡೆ ಮುಚ್ಚುವ ಮೊದಲು ಎಲ್ಲಾ ಬಾಯಿಗೂ ಪ್ಲಗ್ ಹಾಕಿಸಿ, ಪಂಪ್‌ನಲ್ಲಿ ಪ್ರೆಷರ್ ಕೊಟ್ಟು ನೋಡಲು ಹೇಳಿ. ನೀರನ್ನು ಶವರ್‌ಗೆ ಅಥವಾ ನಲ್ಲಿಗೆ ತಿರುಗಿಸುವ, ಗೋಡೆಯೊಳಗೆ ಕೂರುವ ಡೈವರ್ಟರ್ ಬಾಡಿಯ ಮೇಲೆ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ, ಅದರಲ್ಲಿ ಎರಡು ಗೆರೆ. ಮುಗಿದ ಟೈಲ್ಸ್ ಆ ಎರಡು ಗೆರೆಗಳ ನಡುವೆ ಬರಬೇಕು. ಬಾಡಿ ಜಾಸ್ತಿ ಒಳಗೆ ಹೋದರೆ ಹಿಡಿ ಕೂರುವುದಿಲ್ಲ, ಹೊರಗೆ ಬಂದರೆ ಸುತ್ತಲೂ ಸಂದು.

ಇನ್ನೊಬ್ಬರ ಪ್ರಶ್ನೆ, ಶಿವಮೊಗ್ಗದಿಂದ

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ಕರೆಂಟ್ ಬಿಲ್ ಉಳಿಸಲು ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಹಾಕಿದರೆ ಹೇಗೆ? ಚಿಕ್ಕ ಕಿಟಕಿ ಇದೆ.

ಉತ್ತರ

ಬೇಡ. ದಯವಿಟ್ಟು ಬೇಡ. ಮುಚ್ಚಿದ ಜಾಗದಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಎಂಬ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಎಷ್ಟು ಸಲ ಓದಿಲ್ಲ? ಚಳಿಗೆ ನಾವೇ ಆ ಚಿಕ್ಕ ಕಿಟಕಿ ಮುಚ್ಚಿಕೊಳ್ಳುತ್ತೇವೆ. ಹಾಕಲೇಬೇಕಿದ್ದರೆ ಗಾಳಿಯಾಡುವ ಹೊರಗಿನ ಗೋಡೆಗೆ ಹಾಕಿ, ನೀರಿನ ಪೈಪ್ ಮಾತ್ರ ಒಳಗೆ ತನ್ನಿ.

ಕರೆಂಟ್ ಗೀಸರ್ ಆದರೆ, 2 ಕಿಲೋವ್ಯಾಟಿನದು ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದಕ್ಕೇ ಬೇರೆ ಎಂಸಿಬಿ, 16 ಆಂಪಿಯರ್ ಸಾಕೆಟ್, ಸರಿಯಾದ ಅರ್ತಿಂಗ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿಸಿ. ಹಳೇ ಮನೆಗಳಲ್ಲಿ ಅರ್ತಿಂಗ್ ತಂತಿ ಸಾಕೆಟ್‌ವರೆಗೆ ಬಂದೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ಅಳೆದು ತೋರಿಸಲಿ.

ಮರುಪ್ರಶ್ನೆ, ಮೈಸೂರಿನಿಂದ

ಒಡೆದಿದ್ದಾಯಿತು. ಪ್ಲಂಬರ್ ಲೈನ್ ಎಳೆದು ಹೋದರು. ಇನ್ನು ವಾಟರ್‌ಪ್ರೂಫ್. ಎಷ್ಟು ಎತ್ತರಕ್ಕೆ ಹಚ್ಚಬೇಕು? ಟೈಲ್ಸ್ ಎಷ್ಟು ತರಬೇಕು?

ಉತ್ತರ

ಟೈಲ್ಸ್ ಲೆಕ್ಕ ಸುಲಭ. ನೆಲ 35 ಚದರಡಿ. ಗೋಡೆಯ ಸುತ್ತಳತೆ 24 ಅಡಿ, 7 ಅಡಿ ಎತ್ತರಕ್ಕೆ 168 ಚದರಡಿ. ಬಾಗಿಲು ಕಳೆದರೆ 150 ಎನ್ನಿ. ಎರಡಕ್ಕೂ ಶೇ. 10 ಜಾಸ್ತಿ ತನ್ನಿ. ಎಲ್ಲಾ ಪೆಟ್ಟಿಗೆಗಳ ಬ್ಯಾಚ್ ನಂಬರ್ ಒಂದೇ ಇರಲಿ, ಇಲ್ಲದಿದ್ದರೆ ಬಣ್ಣ ಹೊಂದುವುದಿಲ್ಲ. ನೆಲಕ್ಕೆ ಒಂದಡಿ ಚೌಕದ ಮ್ಯಾಟ್ ಟೈಲ್ಸ್ ತನ್ನಿ. ಅಂಗಡಿಯಲ್ಲೇ ನೀರು ಚಿಮುಕಿಸಿ ಪಾದ ಉಜ್ಜಿ ನೋಡಿ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದೇ ಇಲ್ಲ ಎನ್ನಬಹುದು, ಬರೀ ಸಿಮೆಂಟ್ ಹಾಲಿಗೆ ಹಿಡಿಯುವುದಿಲ್ಲ. ಟೈಲ್ ಅಂಟು ಬೇಕು.

ವಾಟರ್‌ಪ್ರೂಫಿಗೆ ಅವಸರ ಮಾಡಬೇಡಿ. ನೆಲ ಗೋಡೆ ಸೇರುವ ಮೂಲೆಯನ್ನು ಮೊದಲು ಗಾರೆಯಿಂದ ದುಂಡಗೆ ತುಂಬಿಸಿ. ಚೂಪು ಮೂಲೆಯಲ್ಲಿ ಕೋಟಿಂಗ್ ಬಿರಿಯುತ್ತದೆ. ಧೂಳು ಗುಡಿಸಿ, ಸ್ವಲ್ಪ ತೇವ ಮಾಡಿ. ಮೊದಲ ಕೋಟ್ ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ಗೋಡೆಗೆ ಒಂದಡಿ ಎತ್ತರ, ಶವರ್ ಇರುವ ಕಡೆ 6 ಅಡಿಯವರೆಗೆ. ಡಬ್ಬದ ಮೇಲೆ ಬರೆದಷ್ಟು ದಿನ ಒಣಗಲು ಬಿಡಿ.

ಆಮೇಲೆ ಟ್ರಾಪಿನ ಬಾಯಿ ಮುಚ್ಚಿ, ಬಾಗಿಲಿಗೆ ಗಾರೆಯ ಸಣ್ಣ ಕಟ್ಟೆ ಕಟ್ಟಿ, ಎರಡು ಇಂಚು ನೀರು ನಿಲ್ಲಿಸಿ. ಮೂರು ದಿನ. ಗೋಡೆಯಲ್ಲಿ ಮಟ್ಟದ ಗುರುತು ಹಾಕಿ. ಪಕ್ಕದಲ್ಲೇ ಅಗಲ ಬಾಯಿಯ ಟಬ್ಬಿನಲ್ಲಿ ನೀರಿಟ್ಟು ಅದಕ್ಕೂ ಗುರುತು ಹಾಕಿ. ಟಬ್ಬಿನಲ್ಲಿ ಇಳಿದಷ್ಟು ಆವಿಯಾಗಿದ್ದು. ನೆಲದಲ್ಲಿ ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಸೋರಿದ್ದು. ಮೇಸ್ತ್ರಿ ಎಷ್ಟೇ ಒತ್ತಾಯ ಮಾಡಿದರೂ ಈ ಮೂರು ದಿನ ಬಿಟ್ಟುಕೊಡಬೇಡಿ.

ಮರುಪ್ರಶ್ನೆ, ಮೈಸೂರಿನಿಂದ

ಸರ್, ಮೂರು ದಿನ ಆಯಿತು. ಟಬ್ಬಿನಲ್ಲಿ ಅರ್ಧ ಸೆಂಟಿಮೀಟರೂ ಇಳಿದಿಲ್ಲ. ನೆಲದಲ್ಲಿ ಎರಡು ಸೆಂಟಿಮೀಟರ್ ಇಳಿದಿದೆ. ಆಚೆ ರೂಮಿನ ಗೋಡೆ ಮತ್ತೆ ತಣ್ಣಗಾಗಿದೆ. ಅಷ್ಟೊಂದು ಹಚ್ಚಿದ್ದೆವು, ಬೇಜಾರಾಗುತ್ತಿದೆ. ಮೇಸ್ತ್ರಿ ಸೋಮವಾರ ಟೈಲ್ಸ್ ಶುರು ಮಾಡೋಣ ಎನ್ನುತ್ತಿದ್ದಾರೆ.

ಉತ್ತರ

ಬೇಜಾರು ಮಾಡಿಕೊಳ್ಳಬೇಡಿ, ಟೈಲ್ಸ್ ಹಾಕುವ ಮುಂಚೆ ಸಿಕ್ಕಿತಲ್ಲ. ಸೋಮವಾರ ಬರಬೇಡಿ ಎಂದು ಮೇಸ್ತ್ರಿಗೆ ಈಗಲೇ ಹೇಳಿಬಿಡಿ.

ನೀರು ಪೂರ್ತಿ ತೆಗೆದು ಒರೆಸಿ. ನನ್ನ ಅನುಮಾನ ನಹನಿ ಟ್ರಾಪಿನ ಕುತ್ತಿಗೆಯ ಮೇಲೆ. ಪ್ಲಾಸ್ಟಿಕ್ಕಿಗೆ ಗಾರೆ ಅಂಟುವುದಿಲ್ಲ, ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಅಲ್ಲಿ ಬ್ಯಾಟರಿ ಹಾಕಿ ನೋಡಿ, ಕೋಟಿಂಗ್ ಮೇಲೆ ಸುತ್ತಲೂ ಸಣ್ಣ ಗೆರೆ ಕಾಣಬಹುದು. ಟ್ರಾಪಿನ ಸುತ್ತ ಎರಡು ಇಂಚು ಅಗಲಕ್ಕೆ ಉಳಿಯಿಂದ ನಿಧಾನಕ್ಕೆ ಬಿಡಿಸಿ. ಪೈಪನ್ನು ಮರಳು ಕಾಗದದಿಂದ ಉಜ್ಜಿ ಒರಟು ಮಾಡಿ. ಕುಗ್ಗದ ಗ್ರೌಟ್ ತುಂಬಿಸಿ. ಒಣಗಿದ ಮೇಲೆ ಆ ಜಾಗಕ್ಕೆ ಫೈಬರ್ ಜಾಲರಿ ಪಟ್ಟಿ ಇಟ್ಟು, ಪೈಪಿನ ಅಂಚಿನವರೆಗೂ ಮತ್ತೆ ಎರಡು ಕೋಟ್ ಹಚ್ಚಿ. ಕಮೋಡಿನ ಪೈಪಿನ ಸುತ್ತಲೂ ಹೀಗೇ ಮಾಡಿಬಿಡಿ, ಸಾಮಾನು ಹೇಗೂ ಕೈಯಲ್ಲೇ ಇರುತ್ತದೆ.

ಮತ್ತೆ ಮೂರು ದಿನ ನೀರು ನಿಲ್ಲಿಸಿ, ಅದೇ ಟಬ್ಬು, ಅದೇ ಗುರುತು. ಎರಡರ ಅಳತೆಯನ್ನೂ ಇಲ್ಲಿ ಹಾಕಿ, ನಾನು ನೋಡುತ್ತೇನೆ.