ಲೇಸರಿಗೇ ಸಂಕೇತ ಕೊಡುವ ಬದಲು ಪ್ರತ್ಯೇಕ ಮಾಡ್ಯುಲೇಟರ್ ಏಕೆ ಬೇಕು?

ಪ್ರಶ್ನೆ: ಲೇಸರ್ ಡಯೋಡಿಗೆ ಹರಿಸುವ ವಿದ್ಯುತ್ತನ್ನೇ ಏರಿಳಿಸಿ ಮಾಹಿತಿ ಕಳುಹಿಸಲು ಸಾಧ್ಯವಿರುವಾಗ, ದೂರದ ಫೈಬರ್ ಸಂಪರ್ಕಗಳಲ್ಲಿ ಲೇಸರನ್ನು ಸದಾ ಬೆಳಗಲು ಬಿಟ್ಟು ಅದರ ಮುಂದೆ ಮಾಡ್ಯುಲೇಟರ್ (ಬೆಳಕಿನ ಮೇಲೆ ಸಂಕೇತ ಮೂಡಿಸುವ ಸಾಧನ) ಇಡುವುದೇಕೆ? ಇಡುವುದಾದರೆ ಸಿಲಿಕಾನ್ ಲೇಸೋ, ಇಂಡಿಯಂ ಫಾಸ್ಫೈಡ್ ಲೇಸೋ? ಬಲ್ಲವರು ದಯವಿಟ್ಟು ವಿವರಿಸಿ.

ಉತ್ತರ 1: ಮುಖ್ಯ ಕಾರಣ ಚಿರ್ಪ್. ಲೇಸರಿನೊಳಗೆ ಎಲೆಕ್ಟ್ರಾನುಗಳ ಸಾಂದ್ರತೆ ಬದಲಾದಾಗ ಬೆಳಕಿನ ತೀವ್ರತೆಯ ಜೊತೆಗೆ ವಕ್ರೀಭವನ ಸೂಚ್ಯಂಕವೂ (ವಸ್ತುವಿನೊಳಗೆ ಬೆಳಕು ಎಷ್ಟು ನಿಧಾನವಾಗುತ್ತದೆ ಎಂಬುದರ ಅಳತೆ) ಬದಲಾಗುವುದರಿಂದ, ಪ್ರತಿ ಬಿಟ್ಟಿನ ಅಂಚಿನಲ್ಲಿ ತರಂಗದೂರ ತುಸು ಅತ್ತಿತ್ತ ಸರಿಯುತ್ತದೆ. ಸಾಮಾನ್ಯ ಸಿಂಗಲ್ ಮೋಡ್ ಫೈಬರಿನಲ್ಲಿ, 1550 ನ್ಯಾನೊಮೀಟರ್ ಆಸುಪಾಸಿನಲ್ಲಿ, ಒಂದು ನ್ಯಾನೊಮೀಟರ್ ಅಂತರದ ಎರಡು ತರಂಗದೂರಗಳು ಕಿಲೋಮೀಟರಿಗೆ ಸುಮಾರು 17 ಪಿಕೋಸೆಕೆಂಡಿನಷ್ಟು ಹಿಂದುಮುಂದಾಗುತ್ತವೆ. ಚಿರ್ಪಿನಿಂದ ಸಂಕೇತ 0.2 ನ್ಯಾನೊಮೀಟರಿಗೆ ಹರಡಿಕೊಂಡಿದೆ ಎಂದಿಟ್ಟುಕೊಳ್ಳಿ: 80 ಕಿಲೋಮೀಟರ್ ದಾಟುವಷ್ಟರಲ್ಲಿ ಅದು 272 ಪಿಕೋಸೆಕೆಂಡ್ ಹಿಗ್ಗುತ್ತದೆ. ಸೆಕೆಂಡಿಗೆ 10 ಗಿಗಾಬಿಟ್ ಕಳುಹಿಸುವಾಗ ಒಂದು ಬಿಟ್ಟಿಗೆ ಸಿಗುವುದು 100 ಪಿಕೋಸೆಕೆಂಡ್ ಮಾತ್ರ. ಹಾಗಾಗಿ ಅಕ್ಕಪಕ್ಕದ ಬಿಟ್ಟುಗಳು ಒಂದರೊಳಗೊಂದು ಕಲಸಿಹೋಗುತ್ತವೆ. 1310 ನ್ಯಾನೊಮೀಟರ್ ಬಳಿ ಈ ತೊಂದರೆ ಬಹಳ ಕಡಿಮೆ. ಆದ್ದರಿಂದಲೇ ಅಲ್ಲಿ, ಕಡಿಮೆ ದೂರಕ್ಕೆ, ನೀವು ಹೇಳುವ ವಿಧಾನ ಚೆನ್ನಾಗಿಯೇ ನಡೆಯುತ್ತದೆ.

ಉತ್ತರ 2: ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಸಿಲಿಕಾನ್ ಹರಳಿನ ರಚನೆ ಕೇಂದ್ರದ ಸುತ್ತ ಸಮಮಿತವಾಗಿರುವುದರಿಂದ, ಲಿಥಿಯಂ ನಯೋಬೇಟಿನಲ್ಲಿ ಕಾಣುವಂತೆ ವಕ್ರೀಭವನ ಸೂಚ್ಯಂಕ ವೋಲ್ಟೇಜಿಗೆ ನೇರವಾಗಿ ಸ್ಪಂದಿಸುವ ಪಾಕೆಲ್ಸ್ ಪರಿಣಾಮ ಅದರಲ್ಲಿಲ್ಲ. ಎಲೆಕ್ಟ್ರಾನು ಮತ್ತು ರಂಧ್ರಗಳ (ಎಲೆಕ್ಟ್ರಾನು ಇಲ್ಲದ ಖಾಲಿ ಸ್ಥಾನಗಳ) ಸಾಂದ್ರತೆಯನ್ನು ಬದಲಿಸಿ ಸಿಲಿಕಾನಿನ ಸೂಚ್ಯಂಕವನ್ನು ಎಷ್ಟು ಅಲುಗಿಸಬಹುದು ಎಂಬುದನ್ನು ಸೋರೆಫ್ ಮತ್ತು ಬೆನೆಟ್ 1987ರಲ್ಲಿ ಲೆಕ್ಕಹಾಕಿ ತೋರಿಸಿದರು. ಇಂದಿನ ಸಿಲಿಕಾನ್ ಮಾಡ್ಯುಲೇಟರುಗಳು ನಿಂತಿರುವುದು ಅದರ ಮೇಲೆಯೇ. ಪರಿಣಾಮ ದುರ್ಬಲವಾದ್ದರಿಂದ ಬೆಳಕನ್ನು ಎರಡು ದಾರಿಗಳಾಗಿ ಒಡೆದು ಮತ್ತೆ ಕೂಡಿಸುವ ಮಾಕ್–ಜೆಂಡರ್ ಮಾಡ್ಯುಲೇಟರಿನ ತೋಳುಗಳು ಮಿಲಿಮೀಟರುಗಟ್ಟಲೆ ಉದ್ದವಿರಬೇಕಾಗುತ್ತದೆ, ಆ ಉದ್ದದುದ್ದಕ್ಕೂ ವಿದ್ಯುತ್ ಸಂಕೇತ ಬೆಳಕಿನ ವೇಗಕ್ಕೆ ಹೆಜ್ಜೆಹಾಕಬೇಕಾಗುತ್ತದೆ, ಜೊತೆಗೆ ಅವೇ ಎಲೆಕ್ಟ್ರಾನುಗಳು ಬೆಳಕನ್ನು ಹೀರಿಕೊಳ್ಳುತ್ತವೆ. ಇಂಡಿಯಂ ಫಾಸ್ಫೈಡಿನ ಕ್ವಾಂಟಂ ಬಾವಿಗಳಲ್ಲಿ (ಎಲೆಕ್ಟ್ರಾನುಗಳನ್ನು ಹಿಡಿದಿಡುವ ಅತಿ ತೆಳು ಪದರಗಳಲ್ಲಿ) ವಿದ್ಯುತ್ ಕ್ಷೇತ್ರವು ಹೀರಿಕೆಯ ಅಂಚನ್ನೇ (ಯಾವ ತರಂಗದೂರದವರೆಗಿನ ಬೆಳಕು ಹೀರಲ್ಪಡುತ್ತದೆ ಎಂಬ ಗಡಿಯನ್ನೇ) ಸರಿಸುವುದರಿಂದ ನೂರಾರು ಮೈಕ್ರೋಮೀಟರ್ ಉದ್ದ ಸಾಕು, ಲೇಸರನ್ನೂ ಅದೇ ಚಿಪ್ಪಿನಲ್ಲಿ ಕೂರಿಸಬಹುದು. ಆದರೆ ಅದು ಕೆಲಸಮಾಡುವ ತರಂಗದೂರದ ವ್ಯಾಪ್ತಿ ಕಿರಿದು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಉದ್ದವೇ ತೊಡಕಾದರೆ ಸಿಲಿಕಾನಿನಲ್ಲಿ ಉಂಗುರದ ಆಕಾರದ ಮಾಡ್ಯುಲೇಟರ್ ಬಳಸಬಹುದಲ್ಲವೇ?

ಉತ್ತರ 2: ಖಂಡಿತ ಬಳಸಬಹುದು, ಹತ್ತಾರು ಮೈಕ್ರೋಮೀಟರ್ ಅಗಲದಲ್ಲೇ ಕೆಲಸ ಮುಗಿಯುತ್ತದೆ. ಆದರೆ ಉಂಗುರದ ಅನುರಣನ (ಅದು ಸ್ಪಂದಿಸುವ ತರಂಗದೂರ) ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ 0.1 ನ್ಯಾನೊಮೀಟರಿಗೆ ಹತ್ತಿರದಷ್ಟು ಸರಿಯುವುದರಿಂದ, ಪಕ್ಕದಲ್ಲೊಂದು ಪುಟ್ಟ ಹೀಟರ್ ಇಟ್ಟು ಸದಾ ತಿದ್ದುತ್ತಿರಬೇಕು. ಆ ಹೀಟರ್ ತಿನ್ನುವ ವಿದ್ಯುತ್ತನ್ನೂ ಸೇರಿಸಿಯೇ ಲೆಕ್ಕಹಾಕಿ.